ಮಾರಿ ತಿರುವಿ ನಿಂತಾಕಿ

"ಇಲ್ಲಿ ಮಾರಿ ತಿರುವಿ ನಿಂತಾಕಿ ನಾನರಿ ಮೇಡಂ," ಎಂದು ಮಗಳನ್ನು ಕರೆದುಕೊಂಡು ಬಂದಿದ್ದ ತಾಯಿಯೊಬ್ಬರು ಗೋಡೆಯ ಮೇಲಿನ ಫೋಟೊಗೆ ಬೆರಳಿಟ್ಟರು.

ಅದು ವಿಜಯಪುರದ ನಮ್ಮ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ಮೊಟ್ಟಮೊದಲ ಫೋಟೊ. ತಂಡಕ್ಕೆ ತರಬೇತಿ ಕೊಡುವ ನಾನು ಪ್ರತಿ ವರ್ಷವೂ ಹೊಸ ಹುಡುಗಿಯರಿಗೆ ಅದನ್ನು ತೋರಿಸಿ, "ಇಕಿ ಹಂಗ ಅತ್ಲಾಗ ನೋಡಬ್ಯಾಡ್ರಿ" ಎಂದು ನಗಿಸುತ್ತಿದ್ದೆ. ಈಗ ಆಕೆಯೇ ಮಗಳ ಪ್ರವೇಶಕ್ಕೆಂದು ತಿಕೋಟಾದಿಂದ ಬಂದು ನನ್ನೆದುರು ನಿಂತಿದ್ದರು. ಯಾಕೆ ಮುಖ ತಿರುಗಿಸಿದ್ದಿರಿ ಎಂದು ಮೆಲ್ಲಗೆ ಕೇಳಿದೆ.

"ಫೋಟೊ ಪೇಪರಿನ್ಯಾಗ ಬರ್ತೈತಿ ಅಂದ್ರು. ಜೈನಾಪುರದಾಗ ನಮ್ಮಪ್ಪ ನೋಡಿದ್ರ ಅವತ್ತ ಆಟ ಬಿಡಸ್ತಿದ್ದ. ಮಾರಿ ತಿರುವಿದ್ದಕ್ಕ ಮೂರೂ ವರ್ಷ ಆಡಿದ್ನಿರಿ."

ಇಷ್ಟು ವರ್ಷ ಅವರನ್ನು ತೋರಿಸಿ ನಗಿಸಿದ್ದಕ್ಕೆ ನನಗೆ ನಾಚಿಕೆಯಾಯಿತು. ದಿನವಿಡೀ ದ್ರಾಕ್ಷಿ ತೋಟದಲ್ಲಿ ದುಡಿಯುವ ಅವ್ವ ಹಿಂದೊಮ್ಮೆ ಚೆಂಡು ಹಿಡಿದು ಓಡಿದ್ದು ಮಗಳಿಗೂ ಗೊತ್ತಿರಲಿಲ್ಲ. "ಯವ್ವಾ, ನನಗೂ ಹೇಳಿಲ್ಲಲ್ಲಬೇ!" ಎಂದಳು. ಅವರು ಸೆರಗಿನಿಂದ ಫೋಟೊದ ಗಾಜು ಒರೆಸುತ್ತ, ಪಕ್ಕದಲ್ಲಿ ನಿಂತ ಗೆಳತಿಯರ ಹೆಸರುಗಳನ್ನು ಒಂದೂ ತಪ್ಪದೆ ಹೇಳಿದರು.

ಮಗಳು ಫೋಟೊದಿಂದ ಕಣ್ಣು ತೆಗೆದು, "ಪ್ರ್ಯಾಕ್ಟೀಸ್ ಎಷ್ಟಕ್ಕ ಇರ್ತೈತ್ರಿ ಮೇಡಂ?" ಎಂದು ನನ್ನನ್ನು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ತಾಯಿ, "ಮುಂಜಾನಿ ಇರ್ತೈತಿ. ಮೊದಲ ಬಸ್ಸಿಗೆ ನಾನ ಹತ್ತಿಸಿ ಕಳಸ್ತೇನಿ," ಎಂದುಬಿಟ್ಟರು.

ತಂಡದ ಚರಿತ್ರೆ ಹೇಳುವಾಗ ಗೆದ್ದ ಕಪ್‌ಗಳಿಂದ ಶುರು ಮಾಡುವುದು ನನ್ನ ರೂಢಿಯಾಗಿತ್ತು. ಈಗ ಆ ತಾಯಿಯ ಹೆಸರಿನಿಂದ ಶುರು ಮಾಡುತ್ತೇನೆ.