ಬಚ್ಚಲಲ್ಲಿ ತೇಲಿದ ರೇಷ್ಮೆ ಗೂಡುಗಳು

ಗೂಡುಗಳು ಎಷ್ಟಿದ್ದವು? ಐದು ಎನ್ನುತ್ತದೆ ನನ್ನ ನೆನಪು. ಅದು ಹೇಳಿದ್ದನ್ನೆಲ್ಲ ನಾನು ನಂಬುವುದಿಲ್ಲ. ಅವು ಹಳದಿಯಾಗಿದ್ದವು, ಗಾಜಿನ ಹೆಂಚಿನಿಂದ ಬಿಸಿಲಿನ ಕೋಲೊಂದು ನೇರ ನೀರಿಗೆ ಇಳಿದಿತ್ತು ಎಂಬುದೆಲ್ಲ ಆಮೇಲೆ ನಾನೇ ಸೇರಿಸಿಕೊಂಡದ್ದೂ ಇರಬಹುದು. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಎಂ.ಎಸ್ಸಿ. ಮುಗಿಸಿ ಬೆಂಗಳೂರಿನಲ್ಲಿ ಪಾಠ ಹೇಳುತ್ತಿದ್ದೆ. ಅವ್ವ, ಹೆಂಡತಿ, ಮಗಳು ದೇವನಹಳ್ಳಿ ಹತ್ತಿರದ ನಮ್ಮೂರಲ್ಲೇ ಇದ್ದರು. ಶನಿವಾರ ಸಂಜೆ ಬಸ್ಸು ಹಿಡಿದು ಅಲ್ಲಿಗೆ ಬರುತ್ತಿದ್ದೆ.

ವಾರಕ್ಕೊಮ್ಮೆ ಬರುವ ಅಪ್ಪನನ್ನು ಒಂದೂವರೆ ವರ್ಷದ ಮಗಳು ಒಪ್ಪಿರಲಿಲ್ಲ. ಎತ್ತಿಕೊಂಡರೆ ಕಿರುಚಿ ಅಜ್ಜಿಯ ಕಡೆ ವಾಲುತ್ತಿದ್ದಳು.

"ಯಾರೋ ನೆಂಟ ಅನ್ಕೊಂಡೈತೆ, ಬುಡು," ಎಂದು ಅವ್ವ ನಕ್ಕಳು. ನನಗೆ ನಗು ಬರಲಿಲ್ಲ. ಭಾನುವಾರದ ಎಣ್ಣೆ ಸ್ನಾನ ಈ ಸಲ ನಾನೇ ಮಾಡಿಸುತ್ತೇನೆ ಎಂದೆ.

ಅದಕ್ಕೊಂದು ಆಟಿಕೆ ಬೇಕಿತ್ತು. ಅಟ್ಟದ ಮೇಲೆ ಹಳೆಯ ಚಂದ್ರಿಕೆಗಳಿದ್ದವು. ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಗಳು. ಅವುಗಳ ಸಂದಿಯಲ್ಲಿ ಚಿಟ್ಟೆ ತೂತು ಮಾಡಿ ಹೊರಬಿದ್ದ ಗೂಡುಗಳು ಸಿಕ್ಕವು. ಸೂಜಿ ದಾರದಿಂದ ಪೋಣಿಸಿದೆ. ಕಾಡಿಗೆಯಿಂದ ಕಣ್ಣು ಬರೆದೆ. ಬಾತುಕೋಳಿಯ ಕೊಕ್ಕಿಗೆಂದು ಒಂದೊಂದರ ತುದಿಗೂ ಒಣಮೆಣಸಿನಕಾಯಿಯ ಚೂರು ಸಿಕ್ಕಿಸಿದೆ.

ಅವ್ವ ಅದನ್ನು ಎತ್ತಿ ನೋಡಿದಳು. "ಮಗೀನ ಕಣ್ಣಿಗೆ ಮೆಣಸಿನಕಾಯಿ ಹಾಕೋದನ್ನ ಅದ್ಯಾವ ಕಾಲೇಜಲ್ಲಿ ಹೇಳ್ಕೊಟ್ರಪ್ಪಾ?" ಕೊಕ್ಕುಗಳನ್ನೆಲ್ಲ ಕಿತ್ತು ಒಲೆಗೆಸೆದಳು. ಆ ಘಾಟಿಗೆ ಮೂವರೂ ಕೆಮ್ಮಿದೆವು. "ತೂತು ಗೂಡು ಬೇರೆ. ಮುಳುಗ್ತದೆ ಕಣೋ."

"ಒಳಗೆ ಗಾಳಿ ಐತೆ ಕಣವ್ವ, ತೇಲ್ತದೆ."

ತೇಲಿದವು. ಹಂಡೆಯ ಕೆಳಗೆ ಹಿಪ್ಪುನೇರಳೆ ಕಡ್ಡಿ ಮೆಲ್ಲಗೆ ಉರಿಯುತ್ತಿತ್ತು. ಹೊಗೆ, ಹಬೆ, ಹರಳೆಣ್ಣೆಯ ವಾಸನೆ ಎಲ್ಲ ಬೆರೆತು ಬಚ್ಚಲಿಗೆ ಗೋಡೆಗಳೇ ಇಲ್ಲವೆನಿಸುತ್ತಿತ್ತು. ಅಗಲ ಬಾಯಿಯ ಹಿತ್ತಾಳೆ ಪಾತ್ರೆಯಲ್ಲಿ ಮಗಳು ಕೂತಿದ್ದಳು. ಅವಳ ಮೊಣಕಾಲುಗಳ ಸುತ್ತ ಗೂಡುಗಳು ನಿಧಾನವಾಗಿ ತಿರುಗುತ್ತಿದ್ದವು, ಎಲ್ಲಿಗೂ ಹೋಗುವ ಅವಸರವಿಲ್ಲದೆ. ತಲೆಗೆ ನೀರು ಬಿದ್ದರೂ ಅವಳು ಅಳಲಿಲ್ಲ. ನಾನು ಉಸಿರು ಬಿಗಿಹಿಡಿದು ಚೊಂಬಿನಿಂದ ನೀರು ಸುರಿಯುತ್ತಿದ್ದೆ.

ಆಮೇಲೆ ಅವಳು ಒಂದು ಗೂಡನ್ನು ನೀರೊಳಗೆ ಹಿಸುಕಿದಳು. ಗುಳ್ಳೆಗಳು ಎದ್ದವು. ಕೈ ಬಿಟ್ಟಾಗ ಅದು ಮುಳುಗಿತು, ಪಕ್ಕದ್ದನ್ನೂ ಎಳೆದುಕೊಂಡು. ತುಟಿ ಅದುರಿತು. ಇನ್ನೇನು ಅಳುತ್ತಾಳೆ, ಅಜ್ಜಿಗೆ ಕೈ ಚಾಚುತ್ತಾಳೆ ಎಂದುಕೊಂಡೆ. ಆದರೆ ಅವಳು ನನ್ನ ತೋರುಬೆರಳನ್ನು ಮುಷ್ಟಿಯಲ್ಲಿ ಹಿಡಿದು ನೀರಿನೊಳಕ್ಕೆ ಎಳೆದಳು, ಮುಳುಗಿದ್ದನ್ನು ತೆಗೆದುಕೊಡು ಎನ್ನುವಂತೆ.

ಹೀಗೆ ನನ್ನ ನೆನಪು. ಇದರ ಮೇಲೇ ನನಗೆ ಹೆಚ್ಚು ಅನುಮಾನ, ಏಕೆಂದರೆ ಇದೇ ನನಗೆ ಬೇಕಾಗಿದ್ದದ್ದು. ಪಕ್ಕದಲ್ಲೇ ಅವ್ವ ಕೂತಿದ್ದಳು. ಅವಳ ಬೆರಳೂ ಅಷ್ಟೇ ದೂರದಲ್ಲಿತ್ತು.

ಎಷ್ಟೋ ವರ್ಷಗಳ ನಂತರ ಅವ್ವನನ್ನೂ ಹೆಂಡತಿಯನ್ನೂ ಬೇರೆ ಬೇರೆಯಾಗಿ, ಸುಳಿವು ಕೊಡದೆ ಕೇಳಿದೆ: ಅವತ್ತು ಮಗು ಯಾರ ಬೆರಳು ಹಿಡಿಯಿತು? ಅವ್ವ, "ನನ್ನದಂತೂ ಅಲ್ಲ," ಎಂದಳು. ಹೆಂಡತಿ ಅವರೆಕಾಯಿ ಸುಲಿಯುತ್ತಲೇ ಹೇಳಿದಳು: "ನಿಮ್ದೇ. ಬಂದು ನೋಡೇ ಅಂತ ಹಂಗೆ ಕೂಗ್ಕೊಂಡ್ರಲ್ಲ, ಏನಾಯ್ತೋ ಅಂತ ಹಿಟ್ಟಿನ ಕೈಯಲ್ಲೇ ಓಡ್ಬಂದೆ."