ಎದುರುಮನೆಗೆ ಮುಖ ಮಾಡಿ ಹತ್ತು ಸಲ

ನೀವು ನಂಬುವುದಿಲ್ಲ ಅಂತ ಗೊತ್ತು. ನಮ್ಮಜ್ಜಿಯ ಒಂದು ಬೆರಳಿನಿಂದ ಮದುವೆ ಮಾತುಕತೆಯೊಂದು ಮುರಿಯಿತು ಅಂತ ಚನ್ನಗಿರಿಯ ನಮ್ಮ ಬೀದಿಯವರು ಇವತ್ತಿಗೂ ಹೇಳುತ್ತಾರೆ. ಅದೇ ಬೆರಳಿನಿಂದ ನನ್ನ ಜಗಳೂರು ಪ್ರಯಾಣವೂ ಮುರಿಯಿತು. ಅದನ್ನು ಮಾತ್ರ ಒಬ್ಬರೂ ಹೇಳುವುದಿಲ್ಲ.

ಅದು ಬಲಗೈ ಉಂಗುರದ ಬೆರಳು. ಅಜ್ಜಿ ಹೇಳುವುದನ್ನು ಕೇಳಿದರೆ ತಾಲ್ಲೂಕಿನ ಅಡಿಕೆಯನ್ನೆಲ್ಲ ಆ ಬೆರಳೊಂದೇ ಸುಲಿದು ಮುಗಿಸಿದೆ. ಮಡಚಿದರೆ ಮಡಚಿಕೊಂಡೇ ಇರುತ್ತಿತ್ತು. ಎಡಗೈಯಿಂದ ಎತ್ತಿದರೆ ಲಟಕ್ ಅಂತ ಸದ್ದು ಮಾಡಿ ನೆಟ್ಟಗಾಗುತ್ತಿತ್ತು. ಆ ಸದ್ದಿಗೆ ನಮ್ಮ ಬೆಕ್ಕು ಎದ್ದು ಬೇರೆ ಮನೆ ನೋಡಿಕೊಂಡಿತು.

ಅಪ್ಪ ಅಜ್ಜಿಯನ್ನೂ ನನ್ನನ್ನೂ ಹೊನ್ನಾಳಿಗೆ ಕರೆದುಕೊಂಡು ಹೋದ. ಅಲ್ಲಿನ ಫಿಸಿಯೋಥೆರಪಿ ಡಾಕ್ಟರು ಬೆರಳು ಹಿಡಿದು ನೋಡಿ, "ಟ್ರಿಗರ್ ಫಿಂಗರ್ ಅಜ್ಜಿ. ಬಂದೂಕಿನ ಕುದುರೆ ಎಳೆದಂಗೆ ಆಗುತ್ತೆ" ಅಂದರು.

"ನಾನು ಯಾವತ್ತು ಬಂದೂಕು ಹಿಡಿದೀನಿ, ಕೇಳೇ ಅವರನ್ನ" ಅಂದಳು ಅಜ್ಜಿ, ನನಗೆ.

ಡಾಕ್ಟರು ಒಂದು ಹಾಳೆ ಕೊಟ್ಟರು. ಬಿಸಿನೀರಲ್ಲಿ ಕೈ ಅದ್ದಬೇಕು. ಆಮೇಲೆ ಬೆರಳು ನೆಟ್ಟಗೆ, ಕೊಕ್ಕೆಯ ಹಾಗೆ ಅರ್ಧ, ಪೂರಾ ಮುಷ್ಟಿ. ಕೊನೆಗೆ ಬೆರಳುಗಳ ಸುತ್ತ ರಬ್ಬರ್ ಬ್ಯಾಂಡ್ ಹಾಕಿ ಅಗಲಿಸುವುದು. ಒಂದೊಂದು ಹತ್ತು ಸಲ, ದಿನಕ್ಕೆ ಮೂರು ಹೊತ್ತು. "ಜೋರು ಮಾಡಿ ಲಟಕ್ ಅನಿಸಬ್ಯಾಡ್ರಿ, ನೋವಾದ್ರೆ ನಿಲ್ಲಿಸಿ" ಅಂತ ಎರಡು ಸಲ ಹೇಳಿದರು. ಹಾಳೆಯಲ್ಲಿ ಚಿತ್ರಗಳಿದ್ದವು. ಆ ಚಿತ್ರದ ಕೈ ಜನ್ಮದಲ್ಲಿ ಒಂದು ಲೋಟ ತೊಳೆದ ಕೈಯಲ್ಲ. ಕೆಳಗೆ ಒಂದೊಂದು ವಾರದ ಹೆಸರಿನ ಮುಂದೆ ಮೂರು ಖಾಲಿ ಚೌಕ, ಗುರುತು ಹಾಕಲಿಕ್ಕೆ.

ಬಸ್ಸಿನಲ್ಲಿ ಅಪ್ಪ ತೀರ್ಪು ಕೊಟ್ಟ. "ಮೂರು ವಾರ ನೀನೇ ಮಾಡಿಸಬೇಕು. ಒಂದು ಹೊತ್ತು ತಪ್ಪಿದ್ರೂ ಜಗಳೂರಿಗೆ ಕಳಿಸಾಕಿಲ್ಲ."

ಜಗಳೂರಿನಲ್ಲಿ ಥ್ರೋಬಾಲ್ ಪಂದ್ಯವಿತ್ತು. ನಾನಿಲ್ಲದ ನಮ್ಮ ಕಾಲೇಜು ತಂಡವೆಂದರೆ ಆರು ಹುಡುಗಿಯರು ಸಾಲಾಗಿ ನಿಂತು ಚೆಂಡು ಹೋಗುವುದನ್ನು ನೋಡುವ ಕಾರ್ಯಕ್ರಮ. ಹಾಗಾಗಿ ಒಪ್ಪಿಕೊಂಡೆ.

ಅಜ್ಜಿಯನ್ನು ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂರಿಸುತ್ತಿದ್ದೆ, ಯಾಕೆಂದರೆ ನನ್ನ ಮೊಬೈಲಿಗೆ ಸಿಗ್ನಲ್ ಸಿಗುವುದು ಅಲ್ಲೇ. ಕೊಕ್ಕೆ, ಮುಷ್ಟಿ ಎಲ್ಲ ಅವಳಿಗೆ ಸಪ್ಪೆ. ಬೇಕಾಗಿದ್ದದ್ದು ಲಟಕ್ ಒಂದೇ. ಡಾಕ್ಟರು ಬೇಡ ಅಂದದ್ದನ್ನು ಭಕ್ತಿಯಿಂದ ಮಾಡುತ್ತಿದ್ದಳು. ನಾನು ಮೊಬೈಲಿನಿಂದ ಕಣ್ಣೆತ್ತದೆ ಒಂದು, ಎರಡು ಅಂತ ಎಣಿಸುತ್ತಿದ್ದೆ. ಮೂರು ಹೊತ್ತು ಬೇಗ ಒಂದು ಹೊತ್ತಾಯಿತು. ಚೌಕಗಳನ್ನು ಮಾತ್ರ ಒಂದೂ ಬಿಡದೆ ತುಂಬುತ್ತಿದ್ದೆ.

ನಮ್ಮ ಕಟ್ಟೆಗೆ ನೇರ ಎದುರುಮನೆ ದೊಡ್ಡಮ್ಮನ ಬಾಗಿಲು. ಆಕೆಯ ಮಗಳನ್ನು ನೋಡಿಕೊಂಡು ಹೋಗಿದ್ದ ನ್ಯಾಮತಿಯವರು ಇನ್ನೂ ಉತ್ತರ ಹೇಳಿರಲಿಲ್ಲ. ಒಂದು ದಿನ ದೊಡ್ಡಮ್ಮ ನನ್ನನ್ನು ನಲ್ಲಿಯ ಹತ್ತಿರ ನಿಲ್ಲಿಸಿದಳು.

"ನಿಮ್ಮಜ್ಜಿ ದಿನಾ ನಮ್ಮನೆ ಕಡೆ ಮುಖ ಮಾಡ್ಕಂಡು ನೆಟಿಕೆ ಮುರಿತಾಳಲ್ಲ, ಯಾಕೇ?"

ಮಗುವಿನ ದೃಷ್ಟಿ ತೆಗೆಯಲು ನೆಟಿಕೆ ಮುರಿದರೆ ಒಳ್ಳೆಯದು. ಒಬ್ಬರ ಮನೆ ನೋಡಿಕೊಂಡು ಮುರಿದರೆ ಶಾಪ. ಬೆರಳಿಗೆ ರೋಗ ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅದರಲ್ಲಿ ನಗುವುದಕ್ಕೆ ಏನಿದೆ? ನಾನು ಸುಳ್ಳನ್ನೂ ಹೇಳಲಿಲ್ಲ.

"ಹತ್ತತ್ತು ಸಲ ದೊಡ್ಡಮ್ಮ, ಮೂರು ಹೊತ್ತು. ಹೊನ್ನಾಳಿಗೆ ಹೋಗಿ ಬರೆಸ್ಕಂಡು ಬಂದೀವಿ."

ಬರೆಸಿಕೊಂಡು ಬರುವುದೆಂದರೆ ನಮ್ಮ ಕಡೆ ತಾಯತ, ಯಂತ್ರ. ದೊಡ್ಡಮ್ಮನ ಕೊಡ ತುಂಬಿ ಹರಿಯುತ್ತಿತ್ತು, ಆಕೆ ನೋಡಲೇ ಇಲ್ಲ. ಆ ಮುಖ ನೆನಪಿಸಿಕೊಂಡು ನಾನು ಎರಡು ದಿನ ನಕ್ಕೆ.

ಗುರುವಾರ ನ್ಯಾಮತಿಯವರು ಬೇಡ ಅಂದರು. ಹುಡುಗನಿಗಿಂತ ಹುಡುಗಿಯೇ ಎತ್ತರವಂತೆ. ಸಂಜೆ ದೊಡ್ಡಮ್ಮ ನೇರ ನಮ್ಮ ಪಡಸಾಲೆಗೆ ಬಂದಳು.

"ಏನ್ರಜ್ಜಿ, ಮುರಿದು ಮುರಿದು ನನ್ನ ಮಗಳ ಸಂಬಂಧ ಮುರಿದ್ರಲ್ಲ, ಸಮಾಧಾನ ಆತಾ?"

"ನನ್ನ ಬೆರಳೇ ನನ್ನ ಮಾತು ಕೇಳಾಕಿಲ್ಲ. ನ್ಯಾಮತಿಯವ್ರು ಕೇಳ್ತಾರಾ?"

"ಹೊನ್ನಾಳೀಲಿ ಬರೆಸ್ಕಂಡು ಬಂದದ್ದು ಎಲ್ಲೈತೆ, ತೋರಿಸ್ರಿ."

ಅಜ್ಜಿ ನನ್ನನ್ನು ನೋಡಿದಳು. ಇಬ್ಬರು ದಡ್ಡರ ನಡುವೆ ಒಬ್ಬ ಬುದ್ಧಿವಂತೆ ಬೇಕಲ್ಲ ಅಂದುಕೊಂಡು, ಹಾಳೆ ತಂದು ದೊಡ್ಡಮ್ಮನ ಮುಂದೆ ಹಿಡಿದೆ. ಆಕೆ ಕೊಕ್ಕೆ ಕೈಯ ಚಿತ್ರ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು.

ಆಗ ಅಪ್ಪ ಒಳಗೆ ಬಂದ. ಚಪ್ಪಲಿ ಬಿಡುವ ಮೊದಲೇ ಹಾಳೆ ಅವನ ಕೈಯಲ್ಲಿತ್ತು. ಅವನು ಚಿತ್ರ ನೋಡಲಿಲ್ಲ, ಚೌಕ ನೋಡಿದ.

"ಇವತ್ತು ಯಾವ ವಾರ?"

"ಗುರುವಾರ" ಅಂದೆ.

"ಭಾನುವಾರದವರೆಗೂ ಮಾಡಿಸಿ ಮುಗಿಸೀಯಲ್ಲ, ಹೆಂಗೆ?"

"ಬರೋ ದಿನಗಳದ್ದೂ ಮುಂಚೇನೆ ಮುರಿದಾಳಾ?" ಅಂದಳು ದೊಡ್ಡಮ್ಮ, ಮೆಲ್ಲಗೆ.

ಅಪ್ಪ ಅಜ್ಜಿಯ ಕೈ ಹಿಡಿದು ತಿರುಗಿಸಿದ. ಬೆರಳ ಬುಡ ಹೊನ್ನಾಳಿಗೆ ಹೋದ ದಿನಕ್ಕಿಂತ ಹೆಚ್ಚು ಊದಿತ್ತು. ನಾನು ಅದನ್ನು ಅವತ್ತೇ ನೋಡಿದ್ದು.

"ನಿಮ್ಮ ಪಿ.ಟಿ. ಮೇಷ್ಟ್ರಿಗೆ ಫೋನ್ ಹಚ್ಚು" ಅಂದ ಅಪ್ಪ. "ನೀನು ಮಾತಾಡಬ್ಯಾಡ. ಹಚ್ಚಿ ಇಲ್ಲಿ ಕೊಡು."

ಅಲ್ಲಿ ಸಿಗ್ನಲ್ ಇರಲಿಲ್ಲ. ಅಪ್ಪ ಕಟ್ಟೆಗೆ ಹೋಗಿ ಮಾತಾಡಿದ.