ಅಜ್ಜಿಯ ಗ್ರಂಥ, ಮೇಷ್ಟ್ರ ತಕರಾರು

ಅಂಗಳದ ನಲ್ಲಿಯ ಹತ್ತಿರ ಮೇಷ್ಟ್ರು ಕೈಕಾಲು ಮುಖ ತೊಳೆಯುವ ಸದ್ದು ಕೇಳಿದರೆ ಸಾಕು, ಅಜ್ಜಿ ಕುರ್ಚಿಯಲ್ಲಿ ನೆಟ್ಟಗೆ ಕೂತು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಮೇಷ್ಟ್ರು ಆಮೇಲೆ ತಲೆಗೆ ಕರವಸ್ತ್ರ ಕಟ್ಟಿಕೊಂಡು ಒಳಗೆ ಬಂದು, ಸ್ಟೂಲಿನ ಮೇಲಿದ್ದ ದಪ್ಪ ಬೈಬಲ್ಲನ್ನು ಎರಡೂ ಕೈಯಿಂದ ಎತ್ತಿಕೊಳ್ಳುತ್ತಿದ್ದರು. ಅವರು ಮುಸ್ಲಿಮರು. ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾಗಿ, ಎದುರು ಮನೆಯಲ್ಲಿ ಮಗಳೊಡನೆ ಇದ್ದರು. ತಮ್ಮದೇ ಗ್ರಂಥವಾಗಲಿ ಇನ್ನೊಬ್ಬರದಾಗಲಿ, ದೇವರ ಮಾತು ಇರುವ ಪುಸ್ತಕವನ್ನು ತೊಳೆಯದ ಕೈಯಿಂದ ಮುಟ್ಟಬಾರದು ಎಂಬುದು ಅವರ ನೇಮ.

ಅಜ್ಜಿ ನನ್ನ ಮನೆ ಮಾಲೀಕನ ತಾಯಿ, ಕ್ರೈಸ್ತರು. ಕಣ್ಣು ಪೂರ್ತಿ ಹೋಗಿತ್ತು. ಮಗನಿಗೆ ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟು, ನರ್ಸ್ ಆಗಿದ್ದ ಸೊಸೆಗೆ ಸಂಜೆಯ ಡ್ಯೂಟಿ. ಸಂಜೆ ಹೊತ್ತು ಗ್ರಂಥ ಓದಿಸಿಕೊಳ್ಳದೆ ಅಜ್ಜಿಗೆ ಊಟ ಸೇರುತ್ತಿರಲಿಲ್ಲ. ಎದುರು ಮನೆಯಲ್ಲಿ ಹುಡುಗರಿಗೆ ಪದ್ಯ ಹೇಳಿಕೊಡುವ ಗಟ್ಟಿ ದನಿ ಕೇಳಿ ಒಂದು ದಿನ ಅಜ್ಜಿ ಬಾಗಿಲಿಗೆ ಬಂದು, "ಮೇಷ್ಟ್ರೇ, ನಂಗೂ ಸ್ವಲ್ಪ ಓದಿ ಹೇಳ್ತೀರಾ?" ಎಂದು ಕೂಗಿ ಕೇಳಿದ್ದರಂತೆ. ಏನು ಓದಬೇಕೆಂದು ಗೊತ್ತಾದ ಮೇಲೂ ಮೇಷ್ಟ್ರು ಹಿಂಜರಿಯಲಿಲ್ಲವಂತೆ.

ನಾನು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಆರ್.ಟಿ. ನಗರದ ಆ ಮನೆಯ ಹಿಂಬದಿಯ ಕೋಣೆಗೆ ಬಾಡಿಗೆಗೆ ಬಂದೆ. ವಿಜಾಪುರದ ಕಡೆಯವನು, ಯಶವಂತಪುರದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ. ಸಂಜೆ ಬಸ್ಸಿಳಿದು ಬಂದರೆ ಮಾತಾಡಲು ಜನ ಬೇಕು, ನನ್ನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ. ಹಾಗಾಗಿ ಆ ಓದು ನಡೆಯುವ ಹೊತ್ತಿಗೆ ಸರಿಯಾಗಿ ಬಾಗಿಲ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದೆ.

ಓದಿನಷ್ಟೇ ಅಲ್ಲಿ ತಕರಾರೂ ಇರುತ್ತಿತ್ತು. ನಿನ್ನಂಥ ಒಬ್ಬ ಪ್ರವಾದಿಯನ್ನು ಅವರ ಸಹೋದರರ ನಡುವಿನಿಂದ ಎಬ್ಬಿಸುತ್ತೇನೆ ಎಂದು ದೇವರು ಮೋಶೆಗೆ ಹೇಳುವ ಭಾಗ ಬಂದಾಗ ಮೇಷ್ಟ್ರು ಪುಟದಲ್ಲಿ ಬೆರಳಿಟ್ಟು ನಿಲ್ಲಿಸುತ್ತಿದ್ದರು. ಓದುವಾಗ ಅವರಿಗೆ ಮೋಶೆ, ವಾದಿಸುವಾಗ ಮೂಸಾ. "ಅಮ್ಮಾ, ಇದು ನಮ್ಮ ಪ್ರವಾದಿಯವರ ವಿಷಯ ಅಲ್ವಾ? ಮೂಸಾಗೆ ತಂದೆ ಇದ್ರು, ತಾಯಿ ಇದ್ರು, ಮದುವೆ ಆಯ್ತು, ಜನಕ್ಕೆ ಕಾನೂನು ತಂದುಕೊಟ್ರು, ಊರು ಬಿಟ್ಟು ಹೋದ್ರು. ನಮ್ಮವರೂ ಹಂಗೇ. ನಿಮ್ಮ ಯೇಸುವಿಗೆ ತಂದೆ ಇಲ್ಲ ಅಂತ ನೀವೂ ಒಪ್ತೀರಿ, ನಾವೂ ಒಪ್ತೀವಿ."

"ಮದುವೆ ಆದೋರೆಲ್ಲ ಮೋಶೆ ಥರಾನೇ ಆಗ್ಬಿಡ್ತಾರಾ ಮೇಷ್ಟ್ರೇ?" ಎನ್ನುತ್ತಿದ್ದರು ಅಜ್ಜಿ. "ಮೋಶೆ ಜನಾನ ಗುಲಾಮಗಿರಿಯಿಂದ ಬಿಡಿಸ್ದ. ನಮ್ಮ ಯೇಸಪ್ಪ ಪಾಪದಿಂದ ಬಿಡಿಸ್ದ. ಅದು ನೋಡಿ ಹೋಲಿಕೆ. ಸಹೋದರರು ಅಂದ್ರೆ ಮೋಶೆಯ ಜನದ ಆ ಹನ್ನೆರಡು ಕುಲದೋರೇ, ಬೇರೆ ಯಾರೂ ಅಲ್ಲ."

"ಆ ಕುಲದೋರ ಮೂಲಪುರುಷ ಇಸಾಕ, ನಮ್ಮ ಪ್ರವಾದಿಯವರ ಮೂಲಪುರುಷ ಇಸ್ಮಾಯಿಲ್. ಇಸ್ಮಾಯಿಲ್ ಇಸಾಕನಿಗೆ ಅಣ್ಣ ಆಗ್ಬೇಕಲ್ಲಮ್ಮಾ. ಅವರ ಸಂತಾನ ಸಹೋದರರಲ್ವಾ?"

ಯೇಸು ತಾನು ಹೋದ ಮೇಲೆ ಬರುವನೆಂದು ಹೇಳಿದ ಸಹಾಯಕ ಯಾರು ಎಂಬುದು ಇನ್ನೊಂದು ಜಗಳ. ಅದು ಪವಿತ್ರಾತ್ಮ, ಒಳಗೆ ನೆಲೆಸುವಂಥದ್ದು, ಮನುಷ್ಯನಾದರೆ ಇನ್ನೊಬ್ಬರ ಒಳಗೆ ಇರುವುದು ಹೇಗೆ ಎಂದು ಅಜ್ಜಿ. ಅವನು ತನ್ನಷ್ಟಕ್ಕೆ ಮಾತಾಡದೆ ಕೇಳಿದ್ದನ್ನೇ ನುಡಿಯುತ್ತಾನೆ ಎಂದೂ ಅಲ್ಲೇ ಇದೆಯಲ್ಲ, ದೇವರಿಂದ ಕೇಳಿದ್ದನ್ನು ಹಾಗೆಯೇ ಜನಕ್ಕೆ ಮುಟ್ಟಿಸಿದವರು ನಮ್ಮವರು ಎಂದು ಮೇಷ್ಟ್ರು. ಇಬ್ಬರೂ ಒಂದಿಂಚೂ ಬಿಟ್ಟುಕೊಡುತ್ತಿರಲಿಲ್ಲ. ಹೊರಡುವಾಗ ಮಾತ್ರ ಮೇಷ್ಟ್ರು, "ನಾಳೆ ಇಲ್ಲಿಂದ ಮುಂದೆ," ಎಂದು ಪುಟಕ್ಕೆ ದಾರ ಇಟ್ಟು ಹೋಗುತ್ತಿದ್ದರು.

ನಮ್ಮ ಕಡೆ ಹರದೇಶಿ, ನಾಗೇಶಿ ಎಂದು ಹಾಡಿನ ಮೇಳಗಳಿವೆ. ಗಂಡು ಹೆಚ್ಚು ಎಂದು ಒಂದು ಮೇಳ, ಹೆಣ್ಣು ಹೆಚ್ಚು ಎಂದು ಇನ್ನೊಂದು. ದಪ್ಪು ಎಂಬ ಚರ್ಮವಾದ್ಯ ಬಡಿದುಕೊಂಡು ಸವಾಲು ಜವಾಬು ಹಾಡುತ್ತ ಒಬ್ಬರನ್ನೊಬ್ಬರು ಹಿಗ್ಗಾಮುಗ್ಗಾ ಜಾಡಿಸುತ್ತಾರೆ. ಸುತ್ತ ಕೂತವರ ಕೆಲಸ ಎರಡೂ ಕಡೆಗೆ ಕಿಚ್ಚು ಹಚ್ಚುವುದು. ಕೊನೆಗೆ ಎರಡೂ ಮೇಳದವರು ಒಟ್ಟಿಗೆ ನಿಂತು ಮಂಗಳ ಹಾಡಿ, ಒಂದೇ ಪಂಕ್ತಿಯಲ್ಲಿ ಉಂಡು ಹೋಗುತ್ತಾರೆ. ನಾನು ಅದನ್ನೇ ನೋಡಿ ಬೆಳೆದವನು. ಅಜ್ಜಿ ಮತ್ತು ಮೇಷ್ಟ್ರ ವಾದವೂ ನನ್ನ ಕಿವಿಗೆ ಹಾಗೆಯೇ ಕೇಳಿಸಿತು. "ಭಲೇ ಅಜ್ಜಿ! ಈಗ ಹೇಳ್ರಿ ಮೇಷ್ಟ್ರ, ಜವಾಬು ಕೊಡ್ರಿ!" ಎಂದು ಮೆಟ್ಟಿಲ ಮೇಲಿಂದ ಕೂಗುತ್ತಿದ್ದೆ. ಅವರು ನಕ್ಕು ಸುಮ್ಮನಾಗುತ್ತಿದ್ದರು.

ಅಷ್ಟಕ್ಕೇ ನಿಂತಿದ್ದರೆ ನಡೆಯುತ್ತಿತ್ತು. ನಾನು ಅದನ್ನು ಕಾರ್ಖಾನೆಯ ಕ್ಯಾಂಟೀನಿಗೂ ಹೊತ್ತುಕೊಂಡು ಹೋದೆ. ಊಟದ ಹೊತ್ತಿನಲ್ಲಿ ಇಬ್ಬರ ದನಿಯನ್ನೂ ಅನುಕರಿಸಿ ಹೇಳುತ್ತಿದ್ದೆ. ಒಂದು ದಿನ ಅಜ್ಜಿ ಗೆದ್ದರೆ ಇನ್ನೊಂದು ದಿನ ಮೇಷ್ಟ್ರನ್ನು ಗೆಲ್ಲಿಸುತ್ತಿದ್ದೆ. ಜನ ನಗುತ್ತಿದ್ದರು, ನಾನು ಉಬ್ಬುತ್ತಿದ್ದೆ. ಅಜ್ಜಿ ಹೋಗುವ ಚರ್ಚಿನವರೂ ಮೇಷ್ಟ್ರು ಹೋಗುವ ಮಸೀದಿಯವರೂ ಆ ಮೇಜುಗಳಲ್ಲೇ ಕೂತು ಉಣ್ಣುತ್ತಿದ್ದರು ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದರಿಂದಲೇ ಕತೆಗೆ ರುಚಿ ಹೆಚ್ಚು ಎಂದುಕೊಂಡಿದ್ದೆ.

ಒಂದು ಕಡೆಯವರಿಗೆ, ಕಣ್ಣಿಲ್ಲದ ಮುದುಕಿಯ ಮನೆಗೆ ದಿನಾ ಹೋಗಿ ಯಾರೋ ಆಕೆಯ ನಂಬಿಕೆ ಕೆಡಿಸುತ್ತಿದ್ದಾರೆ ಎಂದು ಸುದ್ದಿ ಮುಟ್ಟಿತು. ಇನ್ನೊಂದು ಕಡೆಯವರಿಗೆ, ನಮ್ಮ ಮೇಷ್ಟ್ರು ಬೇರೆಯವರ ಗ್ರಂಥ ಪಾರಾಯಣ ಮಾಡಿ ಒಬ್ಬ ಮುದುಕಿಯ ಹತ್ತಿರ ಸೋತು ಬರುತ್ತಾರೆ ಎಂದು. ಎರಡೂ ಕಡೆಯವರು ನನ್ನನ್ನೇ ಹಿಡಿದು ಕೇಳಿದರು. ಆಗಲಾದರೂ ಬಾಯಿ ಮುಚ್ಚಿಕೊಳ್ಳಬೇಕಿತ್ತು. ನಾನೋ, "ಯಾಕ್ರೀ ಅನುಮಾನ? ಭಾನುವಾರ ಬನ್ನಿ, ನೀವೇ ಕೇಳಿ," ಎಂದುಬಿಟ್ಟೆ. ಮಂಗಳ ಹಾಡಿ ಮುಗಿಯುತ್ತದೆ ಎಂದೇ ನನ್ನ ಲೆಕ್ಕ. ನಾಲ್ಕು ಜನ ಕೇಳಲು ಬರುತ್ತಾರೆ ಎಂದು ಅಜ್ಜಿಯ ಮಗನಿಗೆ ಹೇಳಿ, ಪಕ್ಕದ ಮನೆಯಿಂದ ಬೆಂಚು ತಂದು ಹಾಕಿದೆ. ಅಂದು ರಜೆಯಿದ್ದ ಸೊಸೆಯಿಂದ ಕಾಫಿಯನ್ನೂ ಮಾಡಿಸಿದೆ. ಮೇಷ್ಟ್ರಿಗೆ ಮಾತ್ರ ಏನೂ ಹೇಳಲಿಲ್ಲ, ಹೇಳಿದರೆ ಬರುವುದಿಲ್ಲವೇನೋ ಎಂಬ ಭಯ ಒಳಗೊಳಗೇ ಇತ್ತು.

ಅಂದು ಮೇಷ್ಟ್ರು ಎಂದಿನಂತೆ ನಲ್ಲಿಯಲ್ಲಿ ತೊಳೆದುಕೊಂಡು, ಕರವಸ್ತ್ರ ಕಟ್ಟಿಕೊಂಡು ಬಾಗಿಲಿಗೆ ಬಂದವರು ಒಳಗಿನ ಜನರನ್ನು ಕಂಡು ನಿಂತುಬಿಟ್ಟರು. ಒಂದು ಬದಿ ಚರ್ಚಿನ ಇಬ್ಬರು ಯುವಕರು, ಕೈಯಲ್ಲಿ ಪುಸ್ತಿಕೆಗಳು. ಇನ್ನೊಂದು ಬದಿ ಮಸೀದಿಯ ಒಬ್ಬ ಹಿರಿಯರು, ಜೊತೆಗೆ ಅವರದೂ ಒಂದು ಪುಸ್ತಿಕೆ ಹಿಡಿದ ಯುವಕ. "ಬಂದ್ರಾ ಮೇಷ್ಟ್ರೇ?" ಎಂದು ಅಜ್ಜಿ ಕೇಳಿದರು. ಆ ಒಂದು ಮಾತಿಗೆ ಅವರು ಒಳಗೆ ಬಂದು ಕೂತು ಗ್ರಂಥ ತೆರೆದರು.

ಒಂದು ಪುಟವೂ ಮುಗಿಯಲಿಲ್ಲ. ಅದೇ ಸಹೋದರರ ಮಾತು ಹಿಡಿದು ಎರಡೂ ಬದಿಯ ಪುಸ್ತಿಕೆಗಳು ತೆರೆದುಕೊಂಡವು. ಅಜ್ಜಿಯೂ ಮೇಷ್ಟ್ರೂ ಎಷ್ಟೋ ಸಂಜೆ ಆಡಿದ್ದ ಅವೇ ಮಾತುಗಳು, ಆದರೆ ಈಗ ಅವರಿಬ್ಬರನ್ನು ಕೇಳುವವರೇ ಇರಲಿಲ್ಲ. ನಿಮ್ಮವರು ಗ್ರಂಥ ತಿದ್ದಿದ್ದಾರೆ ಎಂದು ಮಸೀದಿಯ ಯುವಕ. ನಮ್ಮದರಲ್ಲಿ ನಿಮಗೇನು ಕೆಲಸ ಎಂದು ಚರ್ಚಿನವನೊಬ್ಬ. ದನಿ ಏರಿತು. ಚರ್ಚಿನ ಯುವಕನೊಬ್ಬ ಎದ್ದು ಬಂದು, "ಇನ್ಮೇಲೆ ಇದನ್ನ ನೀವು ಮುಟ್ಬೇಡಿ," ಎಂದು ಮೇಷ್ಟ್ರ ಕೈಯಿಂದ ಗ್ರಂಥ ಕಿತ್ತುಕೊಂಡ. ಮಸೀದಿಯ ಹಿರಿಯರು ಮೇಷ್ಟ್ರ ತೋಳು ಹಿಡಿದು, "ಏಳಿ, ಮರ್ಯಾದೆ ಕಳ್ಕೊಳ್ಳೋಕೆ ಇಲ್ಲಿಗೆ ಬರ್ತೀರಾ?" ಎಂದು ಎಬ್ಬಿಸಿದರು. ಮೇಷ್ಟ್ರು ಎದ್ದರು. ಅವರ ಕೈಗಳು ಇನ್ನೂ ಪುಸ್ತಕ ಹಿಡಿದಂತೆಯೇ ಇದ್ದವು.

"ಮೇಷ್ಟ್ರೇ, ಯಾಕೆ ನಿಲ್ಲಿಸಿದ್ರಿ? ಓದಿ," ಎಂದರು ಅಜ್ಜಿ.

ನಾನು ಕಾಫಿಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಎಲ್ಲರೂ ಹೋದ ಮೇಲೆ ಅಜ್ಜಿಯ ಮಗ ಬೆಂಚು ಎತ್ತುತ್ತ, "ಏನ್ ಗುರು, ನಮ್ಮನೇನ ನಾಟಕದ ಕಂಪನಿ ಮಾಡ್ಬಿಟ್ಯಲ್ಲ," ಎಂದ. ಬೈದಿದ್ದರೆ ಚೆನ್ನಾಗಿತ್ತು. "ಇನ್ಮೇಲೆ ನಮ್ಮಮ್ಮಂಗೆ ಓದೋರ್ ಯಾರು? ನೀನೇ ಓದು," ಎಂದು ಹೇಳಿ ಹೋದ.

ಮರುದಿನ ಮೇಷ್ಟ್ರ ಮನೆಗೆ ಹೋಗಿ ತಪ್ಪಾಯಿತು ಎಂದೆ. "ನಿಮ್ಮ ಮೇಲೆ ಕೋಪ ಇಲ್ಲಪ್ಪಾ. ಆ ಮನೇಲಿ ಕೂತು ಓದಲ್ಲ ಅಂತ ಹಿರಿಯರಿಗೆ ಮಾತು ಕೊಟ್ಬಿಟ್ಟಿದ್ದೀನಿ. ಮಗಳ ಮದುವೆ ಮಾತು ಅವರೇ ನಡೆಸ್ತಿದ್ದಾರೆ, ನಾನೇನ್ ಮಾಡ್ಲಿ?" ಎಂದರು. ಬಾಗಿಲವರೆಗೆ ಬಂದು, "ದಾರ ಇಟ್ಟ ಪುಟ ಹಂಗೇ ಇದ್ಯಾ?" ಎಂದು ಕೇಳಿದರು. ಆ ಗಲಾಟೆಯಲ್ಲಿ ದಾರ ಎಲ್ಲೋ ಬಿದ್ದುಹೋಗಿತ್ತು. ಇದೆ ಎಂದು ಸುಳ್ಳು ಹೇಳಿದೆ.

ಅಂದಿನಿಂದ ಸಂಜೆ ನಾನೇ ಓದಿದೆ. ಪಾಪಪ್ರಜ್ಞೆ ಇರುವವನಷ್ಟು ಶ್ರದ್ಧೆಯಿಂದ ಓದುವವರು ಸಿಗುವುದಿಲ್ಲ. ಒಂದಕ್ಷರ ತಪ್ಪದಂತೆ, ನಿಧಾನವಾಗಿ, ಅಜ್ಜಿ ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತ. ಕೆಲವೇ ದಿನಗಳಲ್ಲಿ ಅಜ್ಜಿಗೆ ಸಾಕಾಯಿತು. "ನೀನು ಎಲ್ಲದಕ್ಕೂ ಹೂಂ ಅಂತೀಯ ಕಣಪ್ಪ. ಹೂಂ ಅನ್ನೋಕೆ ನನ್ ಸೊಸೆ ಇದ್ದಾಳೆ," ಎಂದರು.

ಹಾಗಾದರೆ ಮೇಷ್ಟ್ರ ಮಾತನ್ನು ನಾನೇ ಆಡಿದರಾಯಿತು ಎಂದುಕೊಂಡೆ. ಮತ್ತೆ ಆ ಭಾಗ ಬಂದಾಗ ಬೆರಳಿಟ್ಟು ನಿಲ್ಲಿಸಿ, ಮೂಸಾಗೆ ತಂದೆ ಇದ್ದರು, ತಾಯಿ ಇದ್ದರು ಎಂದು ಶುರುಮಾಡಿದೆ. ಕ್ಯಾಂಟೀನಿನಲ್ಲಿ ಆಡಿ ಆಡಿ ಬಾಯಿಪಾಠವಾಗಿದ್ದ ಮಾತುಗಳು, ದನಿಯೂ ಅಪ್ಪಟ ಮೇಷ್ಟ್ರದೇ. ಅಜ್ಜಿ ಪೂರ್ತಿ ಹೇಳಲು ಬಿಡಲಿಲ್ಲ.

"ಸಾಕು ನಿಲ್ಸು. ಬರೋನು ಯಾರಾದ್ರೆ ನಿಂಗೇನು? ಅದು ಅವರಿಗೆ ಜೀವ, ನಂಗೂ ಜೀವ. ನಿಂಗೆ ಬರೀ ಮಾತು."

ನನಗೆ ಕೆನ್ನೆಗೆ ಹೊಡೆದಂತಾಯಿತು. ಅಲ್ಲಿಯವರೆಗೆ ನನ್ನ ತಪ್ಪು ಎಂದರೆ ಬಾಯಿ ಬಿಟ್ಟದ್ದು ಎಂದಷ್ಟೇ ಅಂದುಕೊಂಡಿದ್ದೆ. ಮೆಟ್ಟಿಲ ಮೇಲೆ ಕೂತು ಭಲೇ ಎನ್ನುತ್ತಿದ್ದಾಗಲೂ ಅವರಿಬ್ಬರು ಏನು ಮಾಡುತ್ತಿದ್ದಾರೆಂದು ನನಗೆ ತಿಳಿದಿರಲಿಲ್ಲ. ಸೋಲು ಗೆಲುವು ಇಲ್ಲದಲ್ಲಿ ನಾನೇ ಅದನ್ನು ತಂದು ಹಾಕಿದ್ದೆ. ಆ ರಾತ್ರಿ ಊಟ ಸೇರಲಿಲ್ಲ. ಕ್ಯಾಂಟೀನಿನಲ್ಲಿ ಯಾರಾದರೂ ಅಜ್ಜಿಯ ಕತೆ ಕೇಳಿದರೆ ಮೈ ಉರಿಯತೊಡಗಿತು, ಅವರ ಮೇಲಲ್ಲ, ನನ್ನ ಮೇಲೇ.

ಮೇಷ್ಟ್ರ ಮಗಳ ಮದುವೆಯಾಯಿತು. ಒಂಟಿಯಾದ ಮೇಷ್ಟ್ರು ಊರ ಹೊರಗಿನ ಚಿಕ್ಕಜಾಲದಲ್ಲಿದ್ದ ತಮ್ಮ ಅಣ್ಣನ ಜೊತೆ ಇರಲು ಮನೆ ಖಾಲಿ ಮಾಡಿದರು. ಸಾಮಾನು ಹೊತ್ತ ಗಾಡಿ ಬೀದಿಯಲ್ಲಿ ನಿಂತಿತ್ತು. ನಾನು ಒಳಗೆ ಅಜ್ಜಿಗೆ ಓದುತ್ತಿದ್ದೆ. ಅಂಗಳದ ನಲ್ಲಿ ತಿರುಗಿದ ಸದ್ದಾಯಿತು. ಕೈ, ಬಾಯಿ, ಮುಖ, ಕಾಲು. ನೀರು ಬೀಳುವುದರಲ್ಲೇ ಅಜ್ಜಿಗೆ ಗೊತ್ತಾಯಿತು. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

ಮೇಷ್ಟ್ರು ಹೊಸ್ತಿಲ ಆಚೆಗೇ ನಿಂತರು. ತಲೆಗೆ ಕರವಸ್ತ್ರ ಕಟ್ಟಿದ್ದರು. ಕೊಟ್ಟ ಮಾತು ಮೀರುವವರಲ್ಲ, ಒಳಗೆ ಬರಲಿಲ್ಲ. "ಬರ್ತೀನಮ್ಮಾ," ಎಂದರು.

ಅಜ್ಜಿ ಮುಖವನ್ನು ಬಾಗಿಲ ಕಡೆ ತಿರುಗಿಸಿ, "ಮೇಷ್ಟ್ರೇ, ಆ ಪ್ರವಾದಿ ನಮ್ಮ ಯೇಸುನೇ," ಎಂದರು.

"ಅಲ್ಲಮ್ಮಾ," ಎಂದರು ಮೇಷ್ಟ್ರು. "ನಾನು ಒಪ್ಪಲ್ಲ."

"ಒಪ್ಬೇಡಿ," ಎಂದು ಅಜ್ಜಿ ನಕ್ಕರು. ಎಷ್ಟೋ ತಿಂಗಳ ಮೇಲೆ ನಕ್ಕದ್ದು ಅದು.

ಗಾಡಿ ಹೊರಟ ಸದ್ದು ಮರೆಯಾಗುವವರೆಗೆ ಅಜ್ಜಿ ಬಾಗಿಲ ಕಡೆಗೇ ಮುಖ ಮಾಡಿದ್ದರು. ಆಮೇಲೆ ಕೈ ಚಾಚಿ ನನ್ನ ತೊಡೆಯ ಮೇಲಿದ್ದ ಗ್ರಂಥವನ್ನು ತಡವಿ ತೆಗೆದುಕೊಂಡು ತಮ್ಮ ಮಡಿಲಲ್ಲಿಟ್ಟುಕೊಂಡರು.

"ಹೋಗು, ಕೈ ತೊಳ್ಕೊಂಡ್ ಬಾ," ಎಂದರು.

ಅಷ್ಟು ದಿನವೂ ಆ ಗ್ರಂಥವನ್ನು ನಾನು ಬಸ್ಸಿಳಿದು ಬಂದ ಕೈಯಲ್ಲೇ ಹಿಡಿದು ಓದಿದ್ದೆ. ನಲ್ಲಿಯ ಸುತ್ತ ನೆಲ ಇನ್ನೂ ಒದ್ದೆಯಿತ್ತು. ಅಲ್ಲಿ ಕೂತು ಕೈ ತೊಳೆದೆ, ಮತ್ತೆ ತೊಳೆದೆ, ಒಳಗೆ ಹೋಗಲು ಧೈರ್ಯ ಬರಲಿಲ್ಲ.